ಕೆರೆ ತುಂಬ ಜೊಂಡು, ಕಪಾಟಿನಲ್ಲಿ ಮಾತ್ರ ವಿರಳ

ಪಾಷಾಣ ಕೆರೆಗೆ ರಾಮನದಿ ಬಂದು ಸೇರುವ ಮೂಲೆ, ಬಂಡ್ ಗಾರ್ಡನ್ ಒಡ್ಡಿನ ಹಿಂದೆ ಮುಳಾ-ಮುಠಾ ನೀರು ನಿಧಾನವಾಗುವ ದಂಡೆ, ಖಡಕ್‌ವಾಸ್ಲಾದಿಂದ ಊರ ನಡುವೆ ಹಾದುಬರುವ ಕಾಲುವೆ ಸೋರಿ ನೆಲ ಜೌಗಾದ ಜಾಗ: ಪುಣೆಯಲ್ಲಿ ಇಂಥ ಕಡೆ ಆಳೆತ್ತರ ಮೀರಿ ನಿಂತ ಪಟ್ಟಿಯಂಥ ಎಲೆಗಳು, ಅವುಗಳ ನಡುವೆ ಕಂದು ತೆನೆ ಕಂಡರೆ ಅದು ಜೊಂಡು. ಮರಾಠಿಯಲ್ಲಿ ಪಾಣಕಣೀಸ ಎನ್ನುತ್ತಾರೆ, ಅಂದರೆ ನೀರಿನ ತೆನೆ. ಎಲ್ಲರ ಕಣ್ಣಿಗೂ ಬೀಳುವ ಈ ಗಿಡವನ್ನು ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಸಂಗ್ರಹಾಲಯದ, ಕಪಾಟಿನಲ್ಲಿ ಹುಡುಕಲು ಹೊರಟರೆ ಸಿಗುವ ಹಾಳೆಗಳು ಕಡಿಮೆ. ಸಿಕ್ಕವುಗಳಲ್ಲೂ ಅನೇಕವು ಅರೆಬರೆ: ತೆನೆ ಇದ್ದರೆ ಎಲೆಯ ಬುಡ ಇರುವುದಿಲ್ಲ, ಎಲೆ ಇದ್ದರೆ ಗಂಡು ತೆನೆ ಉದುರಿರುತ್ತದೆ, ಎಲ್ಲ ಇದ್ದರೆ ಊರಿನ ಹೆಸರು ಬಿಟ್ಟು ಬೇರೇನೂ ಬರೆದಿರುವುದಿಲ್ಲ.

ಕಾರಣ ಸರಳ. ಗಿಡ ಸಂಗ್ರಹಿಸುವವರು ಅಪರೂಪದ್ದರ ಹಿಂದೆ ಹೋಗುತ್ತಾರೆ. ದಾರಿಯ ಪಕ್ಕದಲ್ಲೇ ಇರುವುದನ್ನು ‘ನಾಳೆ ತಂದರಾಯಿತು’ ಎಂದು ಬಿಡುತ್ತಾರೆ. ಜೊಂಡಿನ ವಿಷಯದಲ್ಲಿ ಇನ್ನೂ ಎರಡು ತೊಡಕು. ಗಿಡ 2ರಿಂದ 3 ಮೀಟರ್ ಎತ್ತರ, ಹಾಳೆ 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಜೊತೆಗೆ ತೆನೆ ಒಣಗುವಾಗ, ಗಿಡ ಒತ್ತಿ ಒಣಗಿಸುವ ಪ್ರೆಸ್ಸಿನೊಳಗೇ ಸಿಡಿದು ಹತ್ತಿಯಾಗಿ, ಪಕ್ಕದ ಹತ್ತು ಗಿಡಗಳ ಮೇಲೆಲ್ಲ ಹರಡಿಕೊಳ್ಳುತ್ತದೆ. ಒಮ್ಮೆ ಈ ಪಾಡು ಪಟ್ಟವರು ಮತ್ತೆ ಜೊಂಡಿನ ತಂಟೆಗೆ ಹೋಗುವುದಿಲ್ಲ.

ಹಾಗಾಗಿ ಈ ಗಿಡದ ದಾಖಲೆ ಓದುವವರು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಾಳೆಗಳು ತೋರಿಸುವುದು ಜೊಂಡು ಎಲ್ಲೆಲ್ಲಿ ಬೆಳೆದಿತ್ತು ಎಂಬುದನ್ನಷ್ಟೇ ಅಲ್ಲ, ಸಂಗ್ರಾಹಕರು ಎಲ್ಲೆಲ್ಲಿ ನಡೆದಾಡಿದರು, ಯಾವುದನ್ನು ಎತ್ತಿಕೊಳ್ಳಲು ಅವರಿಗೆ ಮನಸ್ಸಾಯಿತು ಎಂಬುದನ್ನೂ ತೋರಿಸುತ್ತವೆ. ಈ ಎರಡನ್ನು ಬೇರ್ಪಡಿಸದೆ ‘ಹಿಂದೆ ಪುಣೆಯಲ್ಲಿ ಜೊಂಡು ಇರಲಿಲ್ಲ, ಚರಂಡಿ ನೀರು ಹೆಚ್ಚಾದ ಮೇಲೆ ಬಂತು’ ಎಂದು ಬರೆಯುವುದು ತಪ್ಪು. ಕೊಳೆ ನೀರಿನ ಸಾರಜನಕ, ರಂಜಕ ಉಂಡು, ಹೂಳಿನಲ್ಲಿ ಬೇರೂರಿ ಜೊಂಡು ಹಬ್ಬುತ್ತದೆ ಎಂಬುದೇನೋ ನಿಜ. ಆದರೆ ಅದಕ್ಕೆ ಸಾಕ್ಷಿ ಕಪಾಟಿನ ಖಾಲಿ ಜಾಗ ಅಲ್ಲ.

ಮೊದಲು ಯಾವ ಜೊಂಡು

ಕನ್ನಡದಲ್ಲಿ ಜೊಂಡು, ಆಪು, ಜಂಬುಹುಲ್ಲು ಎಂಬ ಹೆಸರುಗಳಿವೆ. ತೊಂದರೆ ಎಂದರೆ ಜೊಂಡು ಎನ್ನುವುದು ನೀರಂಚಿನ ಎತ್ತರದ ಹುಲ್ಲುಹುಲ್ಲಾದ ಎಲ್ಲಕ್ಕೂ ಸಲ್ಲುವ ಮಾತು. ಜೇಕಿನ ಜಾತಿಯ ದೊಡ್ಡ ಗಿಡಗಳನ್ನೂ ಹಾಗೇ ಕರೆಯುತ್ತಾರೆ. ಮರಾಠಿಯ ಲವ್ಹಾಳಾ ಕೂಡ ಹೀಗೆಯೇ ಸಡಿಲವಾದ ಹೆಸರು. ಲೇಬಲ್‌ನಲ್ಲಿ ಸ್ಥಳೀಯ ಹೆಸರು ಮಾತ್ರ ಇದ್ದರೆ ಅದನ್ನು ಗುರುತು ಎಂದುಕೊಳ್ಳಬಾರದು, ಸುಳಿವು ಎಂದುಕೊಳ್ಳಬೇಕು. ಜೇಕಿನ ಜಾತಿಯಲ್ಲಿ ದಂಟು ಸಾಮಾನ್ಯವಾಗಿ ಮೂರು ಮೂಲೆಯದು, ಒಳಗೆ ತುಂಬಿಕೊಂಡಿರುತ್ತದೆ. ಲಾಳದಂಥ ಹುಲ್ಲುಗಳಲ್ಲಿ ಗೆಣ್ಣು ಇರುತ್ತದೆ, ತುದಿಯಲ್ಲಿ ಗರಿಯಂಥ ಹೂಗೊಂಚಲು. ಜೊಂಡಿನಲ್ಲಿ ಎಲೆಗಳು ಎರಡು ಸಾಲಾಗಿ ಬುಡದಿಂದ ಏಳುತ್ತವೆ, ಅಡ್ಡ ಕೊಯ್ದರೆ ಒಳಗೆ ಗಾಳಿ ತುಂಬಿದ ಗೂಡುಗಳು, ಹೂವಿನ ದಂಡಿನಲ್ಲಿ ಮೇಲೆ ಗಂಡು ತೆನೆ, ಕೆಳಗೆ ಹೆಣ್ಣು ತೆನೆ.

ಇಲ್ಲಿಯವರೆಗೆ ಸುಲಭ. ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಜೊಂಡಿನ ಕುಲದ ಶಾಸ್ತ್ರೀಯ ಹೆಸರು ಟೈಫಾ. ಅದರಲ್ಲಿ ಪುಣೆಯ ಸುತ್ತ ಮುಖ್ಯವಾಗಿ ಯೋಚಿಸಬೇಕಾದ ಜಾತಿಗಳು ಎರಡು: ಟೈಫಾ ಡೊಮಿಂಜೆನ್ಸಿಸ್ ಮತ್ತು ಟೈಫಾ ಎಲಿಫೆಂಟಿನಾ. ಹಾಳೆಗಳ ಮೇಲೆ ಮಾತ್ರ ಟೈಫಾ ಅಂಗುಸ್ಟೇಟಾ, ಟೈಫಾ ಅಂಗುಸ್ಟಿಫೋಲಿಯಾ ಎಂಬ ಹೆಸರುಗಳೂ ಕಾಣುತ್ತವೆ. ಡೊಮಿಂಜೆನ್ಸಿಸ್ ಎಂಬ ಹೆಸರನ್ನು ಸಸ್ಯವಿಜ್ಞಾನಿ ಪರ್ಸೂನ್ 1807ರಲ್ಲಿ ಕೊಟ್ಟ. ಅಂಗುಸ್ಟೇಟಾ 1830ರ ದಶಕದ ಹೆಸರು. ಎರಡೂ ಒಂದೇ ಗಿಡ ಎಂದು ಈಗ ಒಪ್ಪಿರುವುದರಿಂದ ಮೊದಲು ಕೊಟ್ಟ ಹೆಸರೇ ನಿಲ್ಲುತ್ತದೆ. ಅಂಗುಸ್ಟಿಫೋಲಿಯಾ ಹಾಗಲ್ಲ. ಅದು ಲಿನೇಯಸ್ 1753ರಲ್ಲಿ ಹೆಸರಿಸಿದ ಬೇರೆಯೇ ಗಿಡ. ದಖ್ಖನ್ನಿನ ಹಾಳೆಯ ಮೇಲೆ ಆ ಹೆಸರು ಕಂಡರೆ ತಕ್ಷಣ ನಂಬಬೇಡಿ. ಸಪೂರ ಎಲೆ ಕಂಡದ್ದಕ್ಕೆ ಆ ಹೆಸರು ಬರೆದುಬಿಡುವುದು ಹಳೆಯ ರೂಢಿ.

ಎಲಿಫೆಂಟಿನಾವನ್ನು ಬೇರ್ಪಡಿಸಲು ಗಟ್ಟಿ ಲಕ್ಷಣ ಪರಾಗ. ಅದರಲ್ಲಿ ಪರಾಗದ ಕಣಗಳು ನಾಲ್ಕು ನಾಲ್ಕಾಗಿ ಅಂಟಿಕೊಂಡಿರುತ್ತವೆ, ಡೊಮಿಂಜೆನ್ಸಿಸ್‌ನಲ್ಲಿ ಒಂದೊಂದೇ ಬಿಡಿ. ನೂರು ವರ್ಷದ ಹಾಳೆಯಲ್ಲೂ ಇದನ್ನು ನೋಡಬಹುದು, ಏಕೆಂದರೆ ಪರಾಗದ ಹೊರಕವಚ ಕೊಳೆಯುವುದಿಲ್ಲ. ಕ್ಯುರೇಟರ್ ಒಪ್ಪಿಗೆ ಪಡೆದು, ಗಂಡು ತೆನೆಯಿಂದ ಸೂಜಿಯ ಮೊನೆಯಲ್ಲಿ ಬರುವಷ್ಟು ಧೂಳು ತೆಗೆದು, ಗಾಜಿನ ಮೇಲೆ ಒಂದು ತೊಟ್ಟು ಗ್ಲಿಸರಿನ್‌ನಲ್ಲಿ ಕಲಸಿ, ಮುಚ್ಚುಗಾಜು ಇಟ್ಟು 400 ಪಟ್ಟು ಹಿಗ್ಗಿಸಿ ನೋಡಿ. ಒಂದೇ ಕಡೆ ನೋಡಿ ತೀರ್ಮಾನಿಸಬೇಡಿ. ಬಿಡಿ ಕಣಗಳು ಗುಂಪಾಗಿ ಬಿದ್ದು ನಾಲ್ಕರಂತೆ ಕಾಣುವುದುಂಟು, ಮುಚ್ಚುಗಾಜನ್ನು ಮೆಲ್ಲಗೆ ತಟ್ಟಿದರೆ ಅವು ಚದುರುತ್ತವೆ. ನಿಜವಾದ ನಾಲ್ಕರ ಕೂಟ ಚದುರುವುದಿಲ್ಲ. ಎಲಿಫೆಂಟಿನಾದ ಇನ್ನೊಂದು ಗುರುತು ಎಲೆ. ದಂಡನ್ನು ಸುತ್ತಿಕೊಂಡ ಎಲೆಯ ಬುಡ, ಅಂದರೆ ಒರೆ, ಮುಗಿದು ಪಟ್ಟಿ ಶುರುವಾಗುವ ಕಡೆ ಅಡ್ಡ ಕೊಯ್ದರೆ ಮೂರು ಮೂಲೆ ಕಾಣುತ್ತದೆ. ಹಾಳೆಯ ಮೇಲೆ ಒತ್ತಿ ಚಪ್ಪಟೆಯಾದ ಎಲೆಯಲ್ಲಿ ಇದು ಅಳಿಸಿಹೋಗಿರುತ್ತದೆ, ಅದಕ್ಕೇ ತಾಜಾ ಇರುವಾಗಲೇ ಕೊಯ್ದು ಬರೆದಿಡಬೇಕು.

ಡೊಮಿಂಜೆನ್ಸಿಸ್ ಮತ್ತು ಅಂಗುಸ್ಟಿಫೋಲಿಯಾ ಎರಡರಲ್ಲೂ ಪರಾಗ ಬಿಡಿಯೇ, ಆದ್ದರಿಂದ ಅಲ್ಲಿ ಪರಾಗ ನೆರವಿಗೆ ಬರುವುದಿಲ್ಲ. ಅಲ್ಲಿ ಎಲೆಯ ಒರೆ ಮತ್ತು ಪಟ್ಟಿ ಸೇರುವ ಜಾಗದ ಒಳಮೈ ನೋಡಬೇಕು. ಕಂದು ಬಣ್ಣದ ಸಣ್ಣ ಗೀಟುಗಳಂಥ ಲೋಳೆ ಗ್ರಂಥಿಗಳು ಒರೆಯನ್ನು ದಾಟಿ ಪಟ್ಟಿಯ ಮೇಲೂ 1ರಿಂದ 10 ಸೆಂ.ಮೀ. ತನಕ ಹಬ್ಬಿದ್ದರೆ ಡೊಮಿಂಜೆನ್ಸಿಸ್. ಪಟ್ಟಿಯ ಮೇಲೆ ಇಲ್ಲವೇ ಇಲ್ಲ ಎಂದಾದರೆ ಅಂಗುಸ್ಟಿಫೋಲಿಯಾದ ಸಾಧ್ಯತೆ. ಹೆಣ್ಣು ಹೂವಿನ ಪಕ್ಕದ ಕೂದಲೆಳೆಯಂಥ ಬ್ರ್ಯಾಕ್ಟಿಯೋಲ್‌ನ ತುದಿಯನ್ನೂ ನೋಡಿ. ಡೊಮಿಂಜೆನ್ಸಿಸ್‌ನಲ್ಲಿ ತಿಳಿ ಹುಲ್ಲುಬಣ್ಣ, ತುದಿ ಚೂಪು. ಅಂಗುಸ್ಟಿಫೋಲಿಯಾದಲ್ಲಿ ಗಾಢ ಕಂದು, ತುದಿ ಮೊಂಡು. ಇದಕ್ಕೆ ಕೈಗಾಜು ಸಾಲದು, ಕನಿಷ್ಠ 40 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಬೇಕು. ಗಂಡು ತೆನೆಗೂ ಹೆಣ್ಣು ತೆನೆಗೂ ನಡುವಿನ ಬರಿದಂಡಿನ ಅಳತೆಯನ್ನೇ ನೆಚ್ಚಿ ಹೆಸರು ಬರೆಯುವವರು ಬಹಳ. ಆ ಅಂತರ ಒಂದೇ ಪೊದೆಯಲ್ಲಿ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಅಳೆಯಿರಿ, ಬರೆಯಿರಿ, ಅದೊಂದನ್ನೇ ನಂಬಬೇಡಿ.

ಈ ಭಾಗಗಳಿಲ್ಲದ ಹಾಳೆಗೆ ‘ಟೈಫಾ, ಜಾತಿ ಅನಿಶ್ಚಿತ’ ಎಂದು ಬರೆಯುವುದೇ ಸರಿ. ಪುಣೆಯಲ್ಲಿ ಡೊಮಿಂಜೆನ್ಸಿಸ್ ಸಾಮಾನ್ಯ, ಆದ್ದರಿಂದ ಇದೂ ಅದೇ ಇರಬೇಕು ಎಂದು ತುಂಬಿಸಿದರೆ ಮುಂದೆ ಅದೇ ಹಾಳೆಯನ್ನು ‘ಡೊಮಿಂಜೆನ್ಸಿಸ್ ಸಾಮಾನ್ಯ’ ಎನ್ನುವುದಕ್ಕೆ ಇನ್ನೊಬ್ಬರು ಸಾಕ್ಷಿಯಾಗಿ ಎಣಿಸುತ್ತಾರೆ.

ಲೇಬಲ್ ಓದುವುದು

ಪುಣೆಯಲ್ಲಿ ಹುಡುಕಬೇಕಾದ ಜಾಗ ಎರಡು. ಒಂದು, 1955ರಲ್ಲಿ ಶುರುವಾದ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರ. ಇನ್ನೊಂದು ಆಘಾರಕರ್ ಸಂಶೋಧನಾ ಸಂಸ್ಥೆ. ಮುಂಬಯಿಯಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ಇದೆ. ಹಳೆಯ ಹಾಳೆಗಳ ಜೋಡಿಪ್ರತಿಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಹರ್ಬೇರಿಯಂನಲ್ಲೂ ಇರಬಹುದು. ಹರ್ಬೇರಿಯಂಗಳ ಸಂಕೇತಾಕ್ಷರಗಳಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ‘ಬಿಎಸ್ಐ’ ಎಂದರೆ ಮಾತಿನಲ್ಲಿ ಇಡೀ ಸರ್ವೇಕ್ಷಣಾ ಸಂಸ್ಥೆ, ಸಂಕೇತವಾಗಿ ಮಾತ್ರ ಪುಣೆಯ ಕಪಾಟು. ಕೊಲ್ಕತ್ತದ ಪಕ್ಕದ ಹೌರಾದಲ್ಲಿರುವ ಕೇಂದ್ರ ಹರ್ಬೇರಿಯಂ ‘ಸಿಎಎಲ್’, ಕೊಯಮತ್ತೂರಿನದು ‘ಎಂಎಚ್’, ಆಘಾರಕರ್ ‘ಎಎಚ್‌ಎಂಎ’, ಬ್ಲಾಟರ್ ‘ಬಿಎಲ್‌ಎಟಿ’. ಪಟ್ಟಿ ಮಾಡುವಾಗ ಇದನ್ನು ಕಲಸಿದರೆ ಹಾಳೆ ಮತ್ತೆ ಯಾರಿಗೂ ಸಿಗುವುದಿಲ್ಲ.

ಆನ್‌ಲೈನ್‌ನಲ್ಲಿ ಹುಡುಕುವಾಗ ಮೇಲಿನ ನಾಲ್ಕೂ ಹೆಸರು, ಜೊತೆಗೆ ಬರೀ ‘ಟೈಫಾ’ ಎಂದೂ ಹುಡುಕಿ. ಊರನ್ನು ‘ಪುಣೆ’ ಮತ್ತು ‘ಪೂನಾ’ ಎರಡೂ ಬಗೆಯಲ್ಲಿ ಹುಡುಕಿ. ಖಡಕಿ ಹಳೆಯ ಹಾಳೆಗಳಲ್ಲಿ ‘ಕಿರ್ಕೀ’, ಪರ್ವತಿ ‘ಪರ್ಬತಿ’, ಸಿಂಹಗಡ ‘ಸಿಂಗಡ’ ಅಥವಾ ‘ಸಿಂಗರ್’ ಆಗಿರುತ್ತದೆ. ಯೆರವಡಾದ ಕಾಗುಣಿತಕ್ಕಂತೂ ಲೆಕ್ಕವಿಲ್ಲ.

ಒಂದು ಹಾಳೆಯ ಮೇಲೆ ಮೂರು ನಾಲ್ಕು ಕೈಬರಹ ಇರುತ್ತವೆ. ಸಂಗ್ರಾಹಕರ ಲೇಬಲ್, ಕಪಾಟಿಗೆ ಸೇರಿಸುವಾಗ ಹಾಕಿದ ಮುದ್ರೆ, ಆಮೇಲೆ ಬಂದವರು ಹೆಸರು ತಿದ್ದಿ ಅಂಟಿಸಿದ ಚೀಟಿ. ಸಂಗ್ರಾಹಕರ ಸಂಖ್ಯೆ ಬೇರೆ, ಕಪಾಟಿನ ದಾಖಲಾತಿ ಸಂಖ್ಯೆ ಬೇರೆ. ಒಂದೇ ಗಿಡದಿಂದ ಮಾಡಿದ ಮೂರು ಜೋಡಿಪ್ರತಿ ಪುಣೆ, ಮುಂಬಯಿ, ಕ್ಯೂಗೆ ಹೋಗಿದ್ದರೆ ದಾಖಲಾತಿ ಸಂಖ್ಯೆ ಮೂರು, ಸಂಗ್ರಾಹಕರ ಸಂಖ್ಯೆ ಒಂದೇ. ಅದು ಒಂದು ದಾಖಲೆ, ಮೂರಲ್ಲ. ಸಂಗ್ರಾಹಕರ ಹೆಸರು, ಸಂಖ್ಯೆ, ದಿನಾಂಕ ಮೂರನ್ನೂ ಒಂದೇ ಕಂಬಸಾಲಿನಲ್ಲಿ ಜೋಡಿಸಿ ವಿಂಗಡಿಸಿದರೆ ಇಂಥವು ತಾವೇ ಒಟ್ಟಿಗೆ ಬಂದು ನಿಲ್ಲುತ್ತವೆ. ದಿನಾಂಕದಲ್ಲಿ ‘5/8/02’ ಎಂದಿದ್ದರೆ ಅದು ಆಗಸ್ಟ್ ಐದೋ, ಮೇ ಎಂಟೋ, 1902ನೇ ಇಸವಿಯೋ, 2002ನೆಯದೋ ಎಂದು ಊಹಿಸಬೇಡಿ. ಅದೇ ಸಂಗ್ರಾಹಕರ ಹಿಂದಿನ, ಮುಂದಿನ ಸಂಖ್ಯೆಯ ಹಾಳೆಗಳನ್ನು ತೆಗೆದು ನೋಡಿ. ಆಗ ಬಹುಪಾಲು ಬಗೆಹರಿಯುತ್ತದೆ.

ಜಾಗ ಗುರುತಿಸುವುದು ಅತಿ ಕಷ್ಟದ ಕೆಲಸ, ಹೆಚ್ಚಿನ ತಪ್ಪು ಆಗುವುದೂ ಅಲ್ಲೇ. ‘ಪೂನಾ’ ಎಂದಷ್ಟೇ ಬರೆದ ಹಾಳೆಗೆ ಕಂಪ್ಯೂಟರ್ ಈಗಿನ ಪುಣೆಯ ನಟ್ಟನಡುವೆ ಒಂದು ಚುಕ್ಕೆ ಇಟ್ಟುಬಿಡುತ್ತದೆ. 2021ರಲ್ಲಿ 23 ಹಳ್ಳಿಗಳು ಸೇರಿದ ಮೇಲೆ ಮಹಾನಗರ ಪಾಲಿಕೆಯ ವ್ಯಾಪ್ತಿ 500 ಚದರ ಕಿ.ಮೀ. ದಾಟಿತು. ಅಷ್ಟು ನೆಲವನ್ನು ಒಂದು ವೃತ್ತ ಎಂದುಕೊಂಡರೆ ತ್ರಿಜ್ಯ ಹೆಚ್ಚುಕಡಿಮೆ 12.6 ಕಿ.ಮೀ. ಆದ್ದರಿಂದ ಇತ್ತೀಚಿನ ಹಾಳೆಯಲ್ಲಿ ಊರಿನ ಹೆಸರು ಮಾತ್ರ ಇದ್ದರೆ ಅನಿಶ್ಚಿತತೆಯನ್ನು, ಅಂದರೆ ನಿಜವಾದ ಜಾಗ ಚುಕ್ಕೆಯಿಂದ ಎಷ್ಟು ದೂರ ಇರಬಹುದು ಎಂಬುದನ್ನು, 13 ಕಿ.ಮೀ. ಎಂದು ಬರೆಯಬೇಕು. 1900ರ ಸುಮಾರಿನ ಹಾಳೆಗೆ ಪೇಟೆಗಳು, ಕ್ಯಾಂಪು, ಖಡಕಿ ಸೇರಿ 5ರಿಂದ 6 ಕಿ.ಮೀ. ಇಟ್ಟುಕೊಳ್ಳಬಹುದು ಎನ್ನುವುದು ನಮ್ಮ ಅಂದಾಜು. ಅಷ್ಟರಲ್ಲೂ ‘ಪೂನಾ’ ಎಂದರೆ ಜಿಲ್ಲೆ ಎಂದೂ ಅರ್ಥ ಇರಬಹುದು. ಎತ್ತರ ಬರೆದಿದ್ದರೆ ಅದೇ ದಾರಿದೀಪ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್, ಹಳೆಯ ಅಳತೆಯಲ್ಲಿ 1,850 ಅಡಿ. ಲೇಬಲ್ ‘ಪೂನಾ, 4,000 ಅಡಿ’ ಎಂದರೆ ಅದು ಊರಲ್ಲ, ಸಿಂಹಗಡದಂಥ ಗುಡ್ಡದ ಮೇಲಿನ ತೊಟ್ಟಿಯೋ ಕೊಳವೋ.

ಕೆಲವು ಜಾಗಗಳು ಈಗ ನೀರೇ ಇಲ್ಲದ ಜಾಗಗಳು. ಪರ್ವತಿ ಗುಡ್ಡದ ಬುಡದಲ್ಲಿ ಪೇಶ್ವೆಯರ ಕಾಲದ ಕೆರೆ ಇತ್ತು, ಸಾರಸಬಾಗ್ ಗಣಪತಿ ಗುಡಿ ಅದರ ನಡುಗಡ್ಡೆಯ ಮೇಲಿತ್ತು. ಅದಕ್ಕೇ ಅದಕ್ಕೆ ಕೆರೆಯೊಳಗಿನ ಗಣಪತಿ ಎಂಬ ಹೆಸರು. ಈಗ ಅಲ್ಲಿ ಉದ್ಯಾನ. ‘ಪರ್ಬತಿ ಕೆರೆ’ ಎಂಬ ಹಾಳೆ ಸಿಕ್ಕರೆ ಇಂದಿನ ನಕ್ಷೆ ನೋಡಿ ‘ಇಲ್ಲಿ ಜೌಗು ಇಲ್ಲ, ಲೇಬಲ್ ತಪ್ಪು’ ಎಂದು ತಳ್ಳಿಹಾಕಬಾರದು. ನದಿಯ ದಂಡೆಯ ಹಾಳೆಗಳಿಗೆ ಇನ್ನೊಂದು ಗೆರೆ ಎಳೆದುಕೊಳ್ಳಿ: 1961ರ ಜುಲೈ 12. ಅಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಊರೊಳಗೆ ನುಗ್ಗಿತು. ಅದಕ್ಕೆ ಮುಂಚಿನ ‘ನದಿಯ ಎಡದಂಡೆ, ಸೇತುವೆಯ ಹತ್ತಿರ’ ಎಂಬ ಬರಹವನ್ನು ಆಮೇಲಿನ ನಕ್ಷೆಗೆ ನೇರವಾಗಿ ಇಳಿಸುವುದು ಅಪಾಯ, ಸೇತುವೆಯೂ ದಂಡೆಯೂ ಬದಲಾಗಿರಬಹುದು.

ಪುಣೆಯ ಕನ್ನಡಿಗರು ಕೈಹಾಕಲೇಬೇಕಾದ ಕೆಲಸ ಒಂದಿದೆ. 1956ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲ ಮುಂಬಯಿ ಆಡಳಿತದಲ್ಲಿದ್ದವು. ಆ ಕಾಲದ ಸಂಗ್ರಹವನ್ನು ಇಂದಿನ ರಾಜ್ಯದ ಗಡಿ ನೋಡಿ ಹಂಚಲು ಬರುವುದಿಲ್ಲ. ಮುಂಬಯಿ ಪ್ರಾಂತ್ಯದ ಗಿಡಗಳ ಬಗ್ಗೆ ಬರೆದ ಥಿಯೊಡೋರ್ ಕುಕ್ ಪುಣೆಯ ವಿಜ್ಞಾನ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಅವರ ಬರಹದಲ್ಲೂ ಆ ಕಾಲದ ಲೇಬಲ್‌ಗಳಲ್ಲೂ ಪ್ರಾಂತ್ಯವನ್ನು ಕೊಂಕಣ, ದಖ್ಖನ್, ದಕ್ಷಿಣ ಮರಾಠಾ ದೇಶ, ಉತ್ತರ ಕನ್ನಡ ಎಂದೆಲ್ಲ ಭಾಗ ಮಾಡುತ್ತಿದ್ದರು. ‘ಎಸ್. ಎಂ. ಕಂಟ್ರಿ’ ಎಂದು ಚುಟುಕಾಗಿ ಬರೆದದ್ದು ಅದೇ ದಕ್ಷಿಣ ಮರಾಠಾ ದೇಶ. ಹೆಸರಿಗೆ ಮರಾಠಾ, ಆದರೆ ಅದರಲ್ಲಿ ಬಹುಪಾಲು ಧಾರವಾಡ, ಬೆಳಗಾವಿಯ ಕನ್ನಡ ನೆಲ. ಈ ಅಕ್ಷರಗಳನ್ನು ನೋಡಿ ಸಾತಾರಾದ ಕಡೆ ಚುಕ್ಕೆ ಇಟ್ಟರೆ ಗಿಡ ನೂರು ಮೈಲಿ ಸರಿದುಹೋಗುತ್ತದೆ. ಇಂಗ್ಲಿಷ್ ಕಿವಿಯಿಂದ ಬರೆದ ಹಳ್ಳಿಯ ಹೆಸರಿನ ಕೊನೆಯಲ್ಲಿ ‘ಕೊಪ್ಪ’, ‘ಹಾಳ’, ‘ಕೇರಿ’, ‘ಗಟ್ಟಿ’ ಅಡಗಿರುವುದನ್ನು ಕನ್ನಡ ಬಲ್ಲವರು ಬೇಗ ಕಂಡುಹಿಡಿಯುತ್ತಾರೆ.

ಎಣಿಸುವಾಗ ಹಾಳೆಗಳ ಸಂಖ್ಯೆಯನ್ನು ಹಾಗೇ ಹೋಲಿಸಬೇಡಿ. ಅದೇ ಊರಿನಿಂದ ಅದೇ ದಶಕದಲ್ಲಿ ಸಂಗ್ರಹಿಸಿದ ಎಲ್ಲ ಜೌಗು ಗಿಡಗಳ ಹಾಳೆಗಳಲ್ಲಿ ಜೊಂಡಿನ ಪಾಲು ಎಷ್ಟು ಎಂದು ನೋಡಿ. ಉದಾಹರಣೆಗೆ ಒಂದು ದಶಕದಲ್ಲಿ 40 ಹಾಳೆಗೆ 2, ಇನ್ನೊಂದರಲ್ಲಿ 200ಕ್ಕೆ 6 ಸಿಕ್ಕಿತು ಎಂದಿಟ್ಟುಕೊಳ್ಳಿ. ಜೊಂಡಿನ ಹಾಳೆ ಮೂರು ಪಟ್ಟಾಗಿದೆ, ಪಾಲು ಮಾತ್ರ ಶೇ. 5ರಿಂದ ಶೇ. 3ಕ್ಕೆ ಇಳಿದಿದೆ. ಹೆಚ್ಚಿದ್ದು ಸಂಗ್ರಾಹಕರ ಓಡಾಟ, ಗಿಡ ಹೆಚ್ಚಿತೆಂದು ಹೇಳಲು ಇದರಲ್ಲಿ ಏನೂ ಇಲ್ಲ. ಕೆರೆಯ ಹೂಳೆತ್ತಿದ ವರ್ಷ, ದಂಡೆ ಕಟ್ಟಿದ ವರ್ಷ ಗೊತ್ತಿದ್ದರೆ ಪಕ್ಕದಲ್ಲಿ ಬರೆದಿಡಿ. ಯಂತ್ರದಿಂದ ಬೇರುಸಮೇತ ಬಗೆದ ಕೆರೆಯಲ್ಲಿ ಜೊಂಡು ಕೆಲವು ಕಾಲ ಕಾಣದೇ ಹೋಗುವುದು ಸಹಜ.

ಹೊಸ ಹಾಳೆ ಮಾಡುವುದು

ಹಳೆಯ ಹಾಳೆಗಳ ಕೊರತೆ ಇನ್ನು ತುಂಬುವಂತಿಲ್ಲ. ಈಗಿನದನ್ನಾದರೂ ಸರಿಯಾಗಿ ಮಾಡಬೇಕು. ಮೊದಲು ಅನುಮತಿ. ಕೆರೆ ಪಾಲಿಕೆಯದಾದರೆ ಅವರಿಂದ, ರಕ್ಷಿತ ಜಾಗವಾದರೆ ಅರಣ್ಯ ಇಲಾಖೆಯಿಂದ ಬರಹದಲ್ಲಿ ಪಡೆಯಿರಿ. ಇಬ್ಬರಾದರೂ ಹೋಗಿ. ಹೂಳಿನ ಆಳವನ್ನು ಬಿದಿರಿನ ಗಳದಿಂದ ನೋಡದೆ ಕಾಲಿಡಬೇಡಿ, ಜೊಂಡಿನ ಬೇರಿನ ಹೆಣಿಗೆ ಗಟ್ಟಿ ನೆಲದಂತೆ ಕಂಡು ಕುಸಿಯುತ್ತದೆ. ಪುಣೆಯ ನೀರಂಚು ಎಂದರೆ ಚರಂಡಿ ನೀರಂಚು. ಮೊಣಕಾಲಿನ ಗಂಬೂಟು, ರಬ್ಬರ್ ಕೈಗವಸು ಬೇಕೇ ಬೇಕು, ಕಾಲಿನಲ್ಲಿ ಗಾಯವಿದ್ದರೆ ಇಳಿಯಲೇಬೇಡಿ. ಇಲಿಜ್ವರ ಹರಡುವುದು ಇಂಥ ನೀರಿನಲ್ಲೇ. ದಂಡೆಯ ಒಣಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಕೋಲಿನಿಂದ ಬಡಿಯುತ್ತ ನಡೆಯಿರಿ. ನೇರಳೆ ಜೌಗುಕೋಳಿ ಗೂಡು ಕಟ್ಟಿದ ಪೊದೆಯಾದರೆ ಬೇರೆ ಪೊದೆ ನೋಡಿ.

ಯಾವಾಗ ಹೋಗಬೇಕು ಎನ್ನುವುದನ್ನು ತಿಂಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಗಿಡ ನೋಡಿ ಹೇಳುವುದು ಒಳ್ಳೆಯದು. ದಂಡನ್ನು ತಟ್ಟಿದರೆ ಹಳದಿ ಪುಡಿ ಉದುರುವ ದಿನಗಳೇ ಸರಿಯಾದ ಸಮಯ. ಆಗ ಗಂಡು ತೆನೆ ತುಂಬಿರುತ್ತದೆ, ಹೆಣ್ಣು ತೆನೆ ಹಸಿರು ಅಥವಾ ತಿಳಿಕಂದು, ಗಟ್ಟಿ. ಸ್ವಲ್ಪ ತಡವಾದರೂ ಗಂಡು ತೆನೆ ಉದುರಿ ಬೋಳು ಕಡ್ಡಿ ಉಳಿಯುತ್ತದೆ. ಆಗ ಪರಾಗವೂ ಇಲ್ಲ, ಅಂತರದ ಅಳತೆಯೂ ಇಲ್ಲ. ಅಂಗಡಿಯ ಹೂದಾನಿಯಲ್ಲಿ ಚೆಂದ ಕಾಣುವ ಕಡುಕಂದು ತೆನೆ ಹರ್ಬೇರಿಯಂಗೆ ತಡವಾದ ತೆನೆ.

ಕೀಳುವ ಮೊದಲೇ ಅಳತೆ ಮುಗಿಸಿ: ನೆಲದಿಂದ ಒಟ್ಟು ಎತ್ತರ, ಎಲೆಯ ಅತಿ ಹೆಚ್ಚಿನ ಅಗಲ ಮಿಲಿಮೀಟರಿನಲ್ಲಿ, ಗಂಡು ತೆನೆಯ ಉದ್ದ, ನಡುವಿನ ಬರಿದಂಡು, ಹೆಣ್ಣು ತೆನೆಯ ಉದ್ದ ಮತ್ತು ದಪ್ಪ, ಎಲೆ ತೆನೆಗಿಂತ ಎತ್ತರವೋ ಗಿಡ್ಡವೋ, ಗಿಡ ನಿಂತ ಕಡೆ ನೀರಿನ ಆಳ. ಕನಿಷ್ಠ 5 ದಂಡುಗಳನ್ನು ಅಳೆದು ಕಡಿಮೆ ಮತ್ತು ಹೆಚ್ಚು ಎರಡನ್ನೂ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಒದ್ದೆ ಕೈಗೆ ಕದಡುತ್ತದೆ. ಜೊಂಡಿನ ಇಡೀ ಪೊದೆ ಒಂದೇ ನೆಲದಡಿಯ ಕಾಂಡದಿಂದ ಹಬ್ಬಿದ ಒಂದೇ ಗಿಡ ಆಗಿರಬಹುದು, ಆದ್ದರಿಂದ ಅಳೆಯುವ ದಂಡುಗಳನ್ನು ದೂರದೂರದಿಂದ ಆರಿಸಿ.

ಒಂದು ಸಂಗ್ರಹಕ್ಕೆ ಮೂರು ಹಾಳೆ ಬೇಕು, ಮೂರಕ್ಕೂ ಒಂದೇ ಸಂಖ್ಯೆ, ಜೊತೆಗೆ ‘3ರಲ್ಲಿ 1’ ಎಂಬಂತೆ ಗುರುತು. ಮೊದಲನೆಯದಕ್ಕೆ ತೆನೆ. ಗಂಡು ತೆನೆಯ ತುದಿಯಿಂದ ಹೆಣ್ಣು ತೆನೆಯ ಕೆಳಗಿನ ಒಂದು ಗೇಣು ದಂಡಿನವರೆಗೆ ಒಂದೇ ತುಂಡಾಗಿರಲಿ, ಹಾಳೆಗಿಂತ ಉದ್ದವಾದರೆ ಬರಿದಂಡಿನ ಕಡೆ ಮಡಿಸಿ, ಕತ್ತರಿಸಬೇಡಿ. ಎರಡನೆಯದಕ್ಕೆ ಎಲೆ. ಒರೆ ಮತ್ತು ಪಟ್ಟಿ ಸೇರುವ ಜಾಗ ನಡುವೆ ಬರುವಂತೆ 35 ಸೆಂ.ಮೀ. ತುಂಡು, ಒಂದು ಎಲೆಯ ಒಳಮೈ ಮೇಲೆ, ಇನ್ನೊಂದರ ಹೊರಮೈ ಮೇಲೆ. ಜೊತೆಗೆ ಎಲೆಯ ತುದಿ ಮತ್ತು ನಡುಭಾಗ. ಲೋಳೆ ಗ್ರಂಥಿ ಒಳಮೈಯಲ್ಲಿರುವುದರಿಂದ ಒಳಮೈ ಕೆಳಗೆ ಮಾಡಿ ಅಂಟಿಸಿದ ಎಲೆ ನಿರುಪಯೋಗಿ. ಮೂರನೆಯದಕ್ಕೆ 10ರಿಂದ 15 ಸೆಂ.ಮೀ. ನೆಲದಡಿಯ ಕಾಂಡ, ಬುಡದ ಚಿಗುರಿನ ಸಮೇತ. ಕೆಸರು ಪೂರ್ತಿ ತೊಳೆದು, ಚೂರಿಯಿಂದ ಉದ್ದಕ್ಕೆ ಸೀಳಿ ಅರ್ಧ ಮಾತ್ರ ಇಡಿ.

ಹೆಣ್ಣು ತೆನೆ ಸಿಡಿಯುವುದೇಕೆ ಎಂದು ತಿಳಿದರೆ ತಡೆಯುವುದು ಸುಲಭ. ಒಂದು ತೆನೆಯಲ್ಲಿ ಲಕ್ಷ ಮೀರಿದ ಹೂಗಳು ಒತ್ತೊತ್ತಾಗಿ ಇರುತ್ತವೆ, ಪ್ರತಿಯೊಂದರ ತೊಟ್ಟಿನಲ್ಲೂ ಕೂದಲು. ಹಣ್ಣಾಗಿ ಒಣಗಿದಾಗ ಆ ಕೂದಲು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಒಂದು ಕಡೆ ಬಿರುಕು ಬಿಟ್ಟರೆ ಸಾಕು, ಪಕ್ಕದ್ದು ಪಕ್ಕದ್ದನ್ನು ತಳ್ಳುತ್ತ ಇಡೀ ತೆನೆ ಬಿಚ್ಚುತ್ತದೆ. ಆದ್ದರಿಂದ ಹಣ್ಣಾಗದ ತೆನೆ ತನ್ನಿ. ಹರಿತ ಬ್ಲೇಡಿನಿಂದ ಉದ್ದಕ್ಕೆ ಎರಡು ಭಾಗ ಮಾಡಿ, ಕೊಯ್ದ ಮೈ ಕೆಳಗೆ ಮಾಡಿ, ತೆಳು ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ, 3 ಸೆಂ.ಮೀ.ಗೊಂದರಂತೆ ದಾರ ಕಟ್ಟಿ. ಇನ್ನರ್ಧದಿಂದ ಒಂದು ಬೆರಳಿನಷ್ಟು ಬಿಡಿಸಿ ಹೂಗಳನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ಮುಂದೆ ಬ್ರ್ಯಾಕ್ಟಿಯೋಲ್ ನೋಡಬೇಕಾದವರು ತೆನೆಯನ್ನು ಕೆದಕಬೇಕಾಗುವುದಿಲ್ಲ. ಅಂಟು ಸಿಂಪಡಿಸಿ ಗಟ್ಟಿ ಮಾಡುವ ಉಪಾಯ ಅಲಂಕಾರಕ್ಕೆ ಸರಿ, ಇಲ್ಲಿ ಬೇಡ. ಅಂಟಿದ ಹೂವನ್ನು ಆಮೇಲೆ ಸೂಕ್ಷ್ಮದರ್ಶಕದಡಿ ಬಿಡಿಸಲಾಗುವುದಿಲ್ಲ.

ಒಣಗಿಸುವಾಗ ಮೋಸ ಮಾಡುವುದು ಎಲೆ. ಹೊರಮೈ ಗರಿಗರಿ ಎನಿಸಿದರೂ ಒಳಗಿನ ಗಾಳಿಗೂಡಿನಲ್ಲಿ ತೇವ ಉಳಿದಿರುತ್ತದೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ಎನಿಸಿದರೆ ಇನ್ನೂ ಒಣಗಿಲ್ಲ. ಮೊದಲ ಮೂರು ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾಗದ ಬದಲಿಸಿ, ಆಮೇಲೆ ದಿನಕ್ಕೊಮ್ಮೆ. ಎಲೆಗೆ ಒಂದು ವಾರ, ಸೀಳಿದ ತೆನೆಗೆ ಹತ್ತು ದಿನ, ನೆಲದಡಿಯ ಕಾಂಡಕ್ಕೆ ಎರಡು ವಾರ ಹಿಡಿಯಬಹುದು. ಜುಲೈ, ಆಗಸ್ಟಿನ ಪುಣೆಯಲ್ಲಿ ಬರೀ ಕಾಗದ ನೆಚ್ಚಿಕೊಂಡರೆ ಬೂಷ್ಟು ಹಿಡಿಯುತ್ತದೆ. ಮಡಿಕೆಗಳ ನಡುವೆ ಅಲೆಅಲೆಯಾದ ರಟ್ಟು ಹಾಕಿ, ಕೆಳಗಿನಿಂದ 45ರಿಂದ 50 ಡಿಗ್ರಿ ಬಿಸಿಗಾಳಿ ಹಾಯಿಸಿ. 60 ದಾಟಿದರೆ ಎಲೆ ಕಂದಾಗಿ ಮುಟ್ಟಿದರೆ ಮುರಿಯುತ್ತದೆ. ದಪ್ಪ ತೆನೆಯ ಪಕ್ಕದಲ್ಲಿ ತೆಳು ಎಲೆ ಇಟ್ಟರೆ ಪ್ರೆಸ್ಸಿನ ಒತ್ತಡ ಎಲೆಗೆ ತಾಗದೆ ಸುಕ್ಕಾಗುತ್ತದೆ. ತೆನೆಯ ಸುತ್ತ ಮಡಿಸಿದ ಕಾಗದವನ್ನು ಅದರಷ್ಟೇ ದಪ್ಪಕ್ಕೆ ಒಟ್ಟಿ ಮಟ್ಟ ಮಾಡಿ.

ಲೇಬಲ್‌ನಲ್ಲಿ ‘ಪುಣೆ, ಕೆರೆಯ ದಂಡೆ’ ಎಂದು ಬರೆದರೆ ನಾವು ಹಳಬರ ಬಗ್ಗೆ ದೂರುವ ತಪ್ಪನ್ನೇ ಮಾಡಿದಂತೆ. ಹೀಗೆ ಬರೆಯಬಹುದು: ‘ಮಹಾರಾಷ್ಟ್ರ, ಪುಣೆ ಜಿಲ್ಲೆ, ಪುಣೆ ನಗರ, ಪಾಷಾಣ ಕೆರೆ, ರಾಮನದಿ ಸೇರುವ ಕಡೆಯ ಹೂಳುದಂಡೆ. ನೀರಿನ ಆಳ 40 ಸೆಂ.ಮೀ., ತಳ ಕಪ್ಪು ಹೂಳು, ಚರಂಡಿ ನೀರು ಸೇರುತ್ತದೆ. ಪೊದೆಯ ಅಗಲ ಸುಮಾರು 15 ಮೀಟರ್, ಜೊತೆಗೆ ಅಂತರಗಂಗೆ. ತಾನಾಗಿ ಬೆಳೆದದ್ದು. ಹೆಣ್ಣು ತೆನೆ ತಾಜಾ ಇರುವಾಗ ತಿಳಿಕಂದು, ಪರಾಗ ಹಳದಿ, ಬಿಡಿಕಣ. ಒರೆಯ ಮೇಲಿನ ಎಲೆಯ ಅಡ್ಡಕೊಯ್ತ ಒಂದು ಕಡೆ ಉಬ್ಬು, ಮೂರು ಮೂಲೆ ಅಲ್ಲ.’ ಜೊತೆಗೆ ಜಿಪಿಎಸ್ ಅಂಕಿ ಮತ್ತು ಅದರ ಅನಿಶ್ಚಿತತೆ ಮೀಟರಿನಲ್ಲಿ. ತಾನಾಗಿ ಬೆಳೆದದ್ದೋ ನೆಟ್ಟದ್ದೋ ಎಂಬ ಒಂದು ಮಾತು ಊರಿನಲ್ಲಿ ಬಹಳ ಮುಖ್ಯ. ಕೊಳೆನೀರು ಶುದ್ಧಗೊಳಿಸುವ ತೊಟ್ಟಿಗಳಲ್ಲಿ, ಬಡಾವಣೆಗಳ ಕೊಳಗಳಲ್ಲಿ ಜೊಂಡನ್ನು ನೆಡುತ್ತಾರೆ, ಆ ಗಿಡ ಬೇರೆ ಊರಿನ ನರ್ಸರಿಯಿಂದ ಬಂದಿರಬಹುದು.

ಹಾಳೆಗೆ ಅಂಟಿಸುವಾಗ ಎಲೆಗೆ ಅಂಟು ಸಾಕು. ತೆನೆ ಮತ್ತು ಕಾಂಡವನ್ನು ದಪ್ಪ ದಾರದಿಂದ ಹೊಲಿಯಬೇಕು, ಬರೀ ಅಂಟಿಗೆ ಅವು ನಿಲ್ಲುವುದಿಲ್ಲ. ತೆನೆಯನ್ನು ಒಂದು ಹಾಳೆಯಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇಡಿ. ಎಲ್ಲದರಲ್ಲೂ ಒಂದೇ ಕಡೆ ಇಟ್ಟರೆ ಕಟ್ಟು ವಾಲಿ ಎಲೆಗಳು ಮುರಿಯುತ್ತವೆ. ಹಳೆಯ ಹಾಳೆ ಮುಟ್ಟುವಾಗ ಕೈಗವಸು ಹಾಕಿ, ಕೀಟ ತಡೆಯಲು ಹಿಂದೆ ಪಾದರಸದ ಕ್ಲೋರೈಡ್ ಹಚ್ಚುತ್ತಿದ್ದರು, ಅದರ ವಿಷ ಇನ್ನೂ ಕಾಗದದಲ್ಲಿರುತ್ತದೆ. ಈಗ ಅದರ ಬದಲು ಶೀತ. ನೆಲದಡಿಯ ಕಾಂಡದಲ್ಲಿ ಪಿಷ್ಟ ತುಂಬಿರುವುದರಿಂದ ಸಿಗರೇಟು ಜೀರುಂಡೆಗೆ ಅದೇ ಮೊದಲ ತುತ್ತು, ಮೂರನೇ ಹಾಳೆಯನ್ನು ಎಂದೂ ಹಾಗೇ ಕಪಾಟಿಗೆ ಸೇರಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ತಣ್ಣನೆಯ ಹಾಳೆಯ ಮೇಲೆ ಕೋಣೆಯ ತೇವ ಹನಿಯಾಗಿ ಕೂರುತ್ತದೆ. ಹೂವಿನ ಪೊಟ್ಟಣವನ್ನು ಹಾಳೆಯ ಮೇಲಿನ ಬಲಮೂಲೆಗೆ ಅಂಟಿಸಿ, ಬಾಯಿ ಮಡಿಸಿಯೇ ಇರಲಿ, ಅಂಟು ಬೇಡ. ಅದನ್ನು ಬಿಚ್ಚುವ ಮುಂಚೆ ಕೋಣೆಯ ಫ್ಯಾನ್ ಆರಿಸಿ.